ಸದನದಲ್ಲಿ ಆದದ್ದು, ನಿಮ್ಮ ಮನೆಗೆ ಬರಬೇಕಾದದ್ದು

(2025ರ ಸೆಪ್ಟೆಂಬರ್ ಕೊನೆಯಲ್ಲಿ ನಡೆದ ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಕ್ಷೇತ್ರದ ಶಾಸಕರು ಮಾಡಿದ ಭಾಷಣದ ಬರಹ ರೂಪ)

 

ಅಧ್ಯಕ್ಷರು ನನ್ನನ್ನು ಕರೆಯುವಾಗ ಒಂದು ಮಾತು ಹೇಳಿದರು. "ಹಾರ ತುರಾಯಿ ಬೇಡ, ಹೊಗಳಿಕೆಯೂ ಬೇಡ. ಈ ವರ್ಷ ಸದನದಲ್ಲಿ ಏನೇನು ಕಾನೂನು ಆಯಿತು, ನೀವು ಯಾವುದಕ್ಕೆ ಕೈ ಎತ್ತಿದಿರಿ, ಅದರಿಂದ ನಮ್ಮ ಮಕ್ಕಳಿಗೆ ಏನು ಸಿಗುತ್ತದೆ, ಅಷ್ಟು ಹೇಳಿ ಸಾಕು" ಎಂದರು. ಇದು ನ್ಯಾಯವಾದ ಬೇಡಿಕೆ. ದಾನಿಗಳಿಗೆ ಟ್ರಸ್ಟು ಪ್ರತಿ ವರ್ಷ ಲೆಕ್ಕ ಒಪ್ಪಿಸುತ್ತದೆ. ನಿಮ್ಮ ಮತ ಪಡೆದು ಹೋದವನೂ ಹಾಗೆಯೇ ಲೆಕ್ಕ ಒಪ್ಪಿಸಬೇಕು.

ಮೊದಲು ಮತದ ವಿಚಾರ. "ಕೈ ಎತ್ತುವುದು" ಎಂದು ನಾವು ಮಾತಿಗೆ ಹೇಳುತ್ತೇವೆ. ನಮ್ಮ ವಿಧಾನಸಭೆಯಲ್ಲಿ 224 ಸದಸ್ಯರಿದ್ದಾರೆ, ವಿಧಾನ ಪರಿಷತ್ತಿನಲ್ಲಿ 75 ಸದಸ್ಯರು. ಆದರೆ ಹೆಚ್ಚಿನ ವಿಧೇಯಕಗಳು ಅಂಗೀಕಾರವಾಗುವುದು ಧ್ವನಿಮತದಿಂದ. ಪರವಾಗಿರುವವರು "ಹೌದು" ಎನ್ನುತ್ತಾರೆ, ವಿರೋಧ ಇರುವವರು "ಇಲ್ಲ" ಎನ್ನುತ್ತಾರೆ, ಯಾವ ಧ್ವನಿ ಹೆಚ್ಚು ಎಂದು ಸಭಾಧ್ಯಕ್ಷರು ತೀರ್ಮಾನಿಸುತ್ತಾರೆ. ಸದಸ್ಯರು ಒತ್ತಾಯಿಸಿ ವಿಭಜನೆ ಕೇಳಿದರೆ ಮಾತ್ರ ಯಾರು ಎಲ್ಲಿ ನಿಂತರು ಎಂಬುದು ಹೆಸರು ಸಮೇತ ದಾಖಲಾಗುತ್ತದೆ. ಆದ್ದರಿಂದ ಈ ವರ್ಷ ನಿಮ್ಮ ಶಾಸಕ ಏನು ಮಾಡಿದ ಎಂಬುದು ಹೆಚ್ಚಿನ ಕಡೆ ಪುಸ್ತಕದಲ್ಲಿ ಸಿಗುವುದಿಲ್ಲ. ಅವನ ಬಾಯಿಂದಲೇ ಕೇಳಬೇಕು. ಅದಕ್ಕೇ ಇಲ್ಲಿ ನಿಂತು ಹೇಳುತ್ತಿದ್ದೇನೆ.

ಎರಡನೆಯದು, ವಿಧೇಯಕ ಬೇರೆ, ಕಾಯ್ದೆ ಬೇರೆ. ಎರಡೂ ಸದನ ಒಪ್ಪಿದ ಮೇಲೆ ಅದು ರಾಜ್ಯಪಾಲರ ಬಳಿಗೆ ಹೋಗುತ್ತದೆ. ಸಂವಿಧಾನದ 200ನೇ ವಿಧಿಯ ಪ್ರಕಾರ ಅವರು ಅಂಕಿತ ಹಾಕಬಹುದು, ಮರುಪರಿಶೀಲನೆಗೆ ಹಿಂದಕ್ಕೆ ಕಳಿಸಬಹುದು, ಇಲ್ಲವೇ ರಾಷ್ಟ್ರಪತಿಗಳಿಗೆ ಕಾಯ್ದಿರಿಸಬಹುದು. ಅಂಕಿತವಾಗಿ ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲೆ ಅದು ಕಾಯ್ದೆ. ಅದಕ್ಕೆ ನಿಯಮಗಳಾಗಬೇಕು, ಕಚೇರಿಯಾಗಬೇಕು, ಹಣ ಬರಬೇಕು. ಇಷ್ಟು ಮೆಟ್ಟಿಲು ಇಳಿದು ಬಂದ ಮೇಲೆಯೇ ಅದು ನಿಮ್ಮ ಮನೆ ಬಾಗಿಲು. ಈ ಮೆಟ್ಟಿಲುಗಳನ್ನು ನೆನಪಿನಲ್ಲಿಟ್ಟುಕೊಂಡರೆ ನಾನು ಮುಂದೆ ಹೇಳುವುದು ಸುಲಭವಾಗಿ ತಿಳಿಯುತ್ತದೆ.

ಗುತ್ತಿಗೆಯ ಮೀಸಲಾತಿ

ಈ ವರ್ಷ ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡಿದ್ದು ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ತಿದ್ದುಪಡಿ ವಿಧೇಯಕ. ಸರ್ಕಾರಿ ಕಾಮಗಾರಿಗಳ ಗುತ್ತಿಗೆಯಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1 ಮತ್ತು 2ಎ ಗುತ್ತಿಗೆದಾರರಿಗೆ ಮೊದಲೇ ಮೀಸಲಾತಿ ಇತ್ತು. ಈ ತಿದ್ದುಪಡಿಯಲ್ಲಿ ಪ್ರವರ್ಗ 2ಬಿಗೆ ಶೇ 4 ಸೇರಿಸಲಾಯಿತು. 2 ಕೋಟಿ ರೂಪಾಯಿವರೆಗಿನ ಕಾಮಗಾರಿಗಳಿಗೂ 1 ಕೋಟಿವರೆಗಿನ ಸರಕು ಮತ್ತು ಸೇವೆಗಳಿಗೂ ಅದು ಅನ್ವಯ. 2025ರ ಮಾರ್ಚ್ 21ರಂದು ವಿಧಾನಸಭೆ ಅದನ್ನು ಅಂಗೀಕರಿಸಿತು. ಆ ದಿನ ಸದನದಲ್ಲಿ ಭಾರಿ ಗದ್ದಲವಿತ್ತು. ವಿರೋಧ ಪಕ್ಷದ 18 ಸದಸ್ಯರನ್ನು 6 ತಿಂಗಳು ಅಮಾನತು ಮಾಡಲಾಯಿತು, ಮೇ ತಿಂಗಳಲ್ಲಿ ಆ ಅಮಾನತು ರದ್ದಾಯಿತು.

ನಾನು ಈ ವಿಧೇಯಕದ ಪರ. ಪ್ರವರ್ಗ 2ಬಿ 1995ರಿಂದ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದೆ. ಶಿಕ್ಷಣಕ್ಕೆ ಮತ್ತು ಉದ್ಯೋಗಕ್ಕೆ ಹಿಂದುಳಿದವರು ಎಂದು ಒಪ್ಪಿದ ಮೇಲೆ ಸಣ್ಣ ಗುತ್ತಿಗೆಗೆ ಮಾತ್ರ ಅಲ್ಲ ಎನ್ನುವುದು ನನಗೆ ಸರಿ ಕಾಣಲಿಲ್ಲ. ವಿರೋಧಿಸಿದವರ ವಾದವನ್ನೂ ನಿಮಗೆ ಹೇಳಬೇಕು. ಧರ್ಮದ ಆಧಾರದ ಮೇಲೆ ಮೀಸಲಾತಿಗೆ ಸಂವಿಧಾನದಲ್ಲಿ ಅವಕಾಶವಿಲ್ಲ, 2ಬಿಯಲ್ಲಿ ಇರುವುದು ಒಂದೇ ಧರ್ಮದವರು, ಆದ್ದರಿಂದ ಇದು ನಿಲ್ಲುವುದಿಲ್ಲ ಎಂಬುದು ಅವರ ಮಾತು. ರಾಜ್ಯಪಾಲರೂ ಇದೇ ಪ್ರಶ್ನೆಯನ್ನು ಎತ್ತಿ ಏಪ್ರಿಲ್‌ನಲ್ಲಿ ವಿಧೇಯಕವನ್ನು ರಾಷ್ಟ್ರಪತಿಗಳಿಗೆ ಕಾಯ್ದಿರಿಸಿದರು.

ಈಗ ಮುಖ್ಯ ಮಾತು. ಇದು ಇಂದಿಗೂ ಕಾಯ್ದೆಯಾಗಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಂದಿಲ್ಲ. ಆದರೆ ಊರೂರಲ್ಲಿ ಎರಡು ಬಗೆಯ ಸುದ್ದಿ ಹರಡಿದೆ. ಒಂದು ಕಡೆ "ಸರ್ಕಾರಿ ನೌಕರಿಯಲ್ಲಿ ಹೊಸದಾಗಿ ಶೇ 4 ಕೊಟ್ಟುಬಿಟ್ಟರು" ಎಂದು ಬೇರೆಯವರ ಮನಸ್ಸು ಕೆಡಿಸುವ ಸುದ್ದಿ. ಇದಕ್ಕೂ ನೌಕರಿಗೂ ಸಂಬಂಧವಿಲ್ಲ, ನಿಮ್ಮ ನೆರೆಹೊರೆಯವರು ಕೇಳಿದರೆ ಸಮಾಧಾನದಿಂದ ಬಿಡಿಸಿ ಹೇಳಿ. ಇನ್ನೊಂದು ಕಡೆ "2ಬಿ ಕೋಟಾದಲ್ಲಿ ಗುತ್ತಿಗೆ ಕೊಡಿಸುತ್ತೇನೆ, ಇಷ್ಟು ಮುಂಗಡ ಕೊಡಿ" ಎನ್ನುವ ಮಧ್ಯವರ್ತಿಗಳು. ಇಲ್ಲದ ಕೋಟಾಕ್ಕೆ ಮುಂಗಡ ಕೊಡಬೇಡಿ. ಮಗನ ಕಾಲೇಜಿಗೆಂದು ಕೂಡಿಟ್ಟ ಹಣ ಹಾಗೆ ಹೋದರೆ ಅದನ್ನು ಯಾವ ಟ್ರಸ್ಟೂ ತುಂಬಿಕೊಡಲಾರದು.

ಅದೇ ಮಾರ್ಚ್ 21ರ ಗದ್ದಲದಲ್ಲಿ ಇನ್ನೊಂದು ವಿಧೇಯಕವೂ ಪಾಸಾಯಿತು. ಶಾಸಕರ ತಿಂಗಳ ವೇತನ 40,000 ರೂಪಾಯಿಯಿಂದ 80,000 ಆಯಿತು. ಮುಖ್ಯಮಂತ್ರಿಗಳದ್ದು 75,000ದಿಂದ 1.5 ಲಕ್ಷ. ಪತ್ರಿಕೆಯಲ್ಲಿ ಓದಿದವರು ನನ್ನನ್ನು ನೇರವಾಗಿಯೇ ಕೇಳಿದ್ದಾರೆ, ಕೇಳಬೇಕಾದದ್ದೇ. ನನ್ನ ಅಭಿಪ್ರಾಯ ಇಷ್ಟು: ನಮ್ಮ ಸಂಬಳವನ್ನು ನಾವೇ ನಿಗದಿ ಮಾಡಿಕೊಳ್ಳುವ ಪದ್ಧತಿ ಹೋಗಬೇಕು, ಹೊರಗಿನ ಒಂದು ಸ್ವತಂತ್ರ ಸಮಿತಿ ಅದನ್ನು ಮಾಡಬೇಕು. ಅಲ್ಲಿಯವರೆಗೆ ಇಂಥ ವಿಧೇಯಕ ಚರ್ಚೆಯಿಲ್ಲದೆ ದಾಟಬಾರದು. ಗೌರವಧನ ಹೆಚ್ಚಿಸಿ ಎಂದು ಅಂಗನವಾಡಿ ಕಾರ್ಯಕರ್ತೆ ವರ್ಷಗಟ್ಟಲೆ ಬೀದಿಯಲ್ಲಿ ಕೂರುವ ರಾಜ್ಯದಲ್ಲಿ ಶಾಸಕರ ವೇತನ ಕೆಲವು ನಿಮಿಷದಲ್ಲಿ ಏರುವುದು ನೋಡುವವರ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ.

ಸಾಲದ ಕಿರುಕುಳ

ತಾಯಂದಿರು ಈ ಭಾಗವನ್ನು ಗಮನವಿಟ್ಟು ಕೇಳಬೇಕು. ಮಗಳ ಫೀಸಿಗೆಂದು ಸಂಘದ ಸಾಲ, ಆ ಕಂತು ಕಟ್ಟಲು ಫೈನಾನ್ಸ್ ಸಾಲ, ಅದನ್ನು ತೀರಿಸಲು ಮೀಟರ್ ಬಡ್ಡಿ. ಈ ಸರಪಳಿ ಎಷ್ಟು ಮನೆಗಳನ್ನು ಕಟ್ಟಿಹಾಕಿದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ವರ್ಷದ ಆರಂಭದಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ವಸೂಲಿಗಾರರ ಕಾಟ ತಾಳಲಾರದೆ ಜನ ಊರು ಬಿಟ್ಟರು, ಕೆಲವರು ಪ್ರಾಣವನ್ನೇ ಬಿಟ್ಟರು. ಆಗ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಮೊದಲು ಕೆಲವು ಪ್ರಶ್ನೆ ಕೇಳಿ ಹಿಂದಕ್ಕೆ ಕಳಿಸಿದರು, ಫೆಬ್ರವರಿ 12ರಂದು ಅಂಕಿತ ಹಾಕಿದರು. ಮಾರ್ಚ್‌ನಲ್ಲಿ ಎರಡೂ ಸದನಗಳು ಅದನ್ನು ವಿಧೇಯಕವಾಗಿ ಒಪ್ಪಿದವು. ಕರ್ನಾಟಕ ಕಿರು ಸಾಲ ಮತ್ತು ಸಣ್ಣ ಸಾಲ ಬಲವಂತದ ಕ್ರಮಗಳ ಪ್ರತಿಬಂಧಕ ಕಾಯ್ದೆ ಎಂದು ಅದರ ಹೆಸರು. ನಾನು "ಹೌದು" ಎಂದೆ.

ಇದರ ತಿರುಳು ಹೀಗಿದೆ. ಸಾಲಗಾರರನ್ನು ಬೆದರಿಸುವುದು, ಬೆನ್ನು ಹತ್ತುವುದು, ಗೂಂಡಾಗಳನ್ನು ಮನೆಗೆ ಕಳಿಸುವುದು, ದಾಖಲೆ ಕಸಿದುಕೊಳ್ಳುವುದು ಅಪರಾಧ. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಇಂಥ ದೂರು ಬಂದರೆ ಪೊಲೀಸ್ ಠಾಣೆಯಲ್ಲಿ ದಾಖಲಿಸಲು ನಿರಾಕರಿಸುವಂತಿಲ್ಲ. ಸಾಲ ಕೊಡುವವರು ಜಿಲ್ಲಾಧಿಕಾರಿಗಳ ಬಳಿ ನೋಂದಣಿ ಮಾಡಿಸಬೇಕು, ಸಾಲಕ್ಕೆ ಒತ್ತೆ ಇಟ್ಟುಕೊಳ್ಳುವಂತಿಲ್ಲ. ಪರವಾನಗಿ, ನೋಂದಣಿ ಯಾವುದೂ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲವನ್ನು ಬಡ್ಡಿ ಸಮೇತ ತೀರಿತೆಂದೇ ಭಾವಿಸಲಾಗುತ್ತದೆ.

ಆದರೆ ಇದನ್ನು ಅರ್ಧ ಕೇಳಿ ಮನೆಗೆ ಹೋಗಬೇಡಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕು ಮತ್ತು ಹಣಕಾಸು ಕಂಪನಿಗಳ ಸಾಲ ಇದರಿಂದ ಮನ್ನಾ ಆಗುವುದಿಲ್ಲ. "ಎಲ್ಲ ಸಾಲ ಹೋಯಿತಂತೆ, ಕಂತು ಕಟ್ಟಬೇಡಿ" ಎಂಬ ಮಾತು ನಂಬಿ ನಿಲ್ಲಿಸಿದರೆ ನಾಳೆ ನಿಮ್ಮ ಮಗುವಿಗೆ ಶಿಕ್ಷಣ ಸಾಲ ಕೇಳಲು ಹೋದಾಗ ಬ್ಯಾಂಕು ನಿಮ್ಮ ಹಳೆಯ ದಾಖಲೆ ತೆಗೆದು ತೋರಿಸುತ್ತದೆ. ಸಾಲ ಕೊಟ್ಟವರು ಯಾರು, ಎಲ್ಲಿ ನೋಂದಣಿಯಾಗಿದೆ ಎಂಬುದನ್ನು ಮೊದಲು ವಿಚಾರಿಸಿ. ಕಿರುಕುಳ ಯಾರೇ ಕೊಟ್ಟರೂ ಸುಮ್ಮನಿರಬೇಡಿ. ಕೊಟ್ಟ ಪ್ರತಿ ಕಂತಿಗೂ ರಸೀದಿ ಇಟ್ಟುಕೊಳ್ಳಿ.

ಬೈಕಿನ ಮೇಲೆ ದುಡಿಯುವ ಮಕ್ಕಳು

ಇಲ್ಲಿ ಕುಳಿತ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನರ ಅಣ್ಣಂದಿರು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಊಟ ತಲುಪಿಸುತ್ತಾರೆ, ಪಾರ್ಸೆಲ್ ಹಂಚುತ್ತಾರೆ, ಟ್ಯಾಕ್ಸಿ ಓಡಿಸುತ್ತಾರೆ. ತಮ್ಮ ಓದುತ್ತಾನೆ, ಅಣ್ಣ ಮಳೆಯಲ್ಲಿ ಬೈಕ್ ಓಡಿಸುತ್ತಾನೆ. ಬಿದ್ದು ಕಾಲು ಮುರಿದರೆ ಇಬ್ಬರ ಬದುಕೂ ನಿಲ್ಲುತ್ತದೆ. ಇವರಿಗಾಗಿ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು, ಆಗಸ್ಟ್ ಅಧಿವೇಶನದಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ವಿಧೇಯಕ ಅಂಗೀಕಾರವಾಯಿತು, ಈ ತಿಂಗಳು ಕಾಯ್ದೆಯೂ ಆಯಿತು. ಇದಕ್ಕೂ ನನ್ನ ಮತ ಪರ.

ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಂದಾಯವಾಗುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಆ ಹಣ ಒಂದು ಕಲ್ಯಾಣ ನಿಧಿಗೆ ಹೋಗುತ್ತದೆ, ಅದನ್ನು ನೋಡಿಕೊಳ್ಳಲು ಮಂಡಳಿ ಇರುತ್ತದೆ. ಕಂಪನಿಗಳು ತಮ್ಮಲ್ಲಿ ದುಡಿಯುವವರ ವಿವರ ಕೊಟ್ಟು ನೋಂದಣಿ ಮಾಡಿಸಬೇಕು. ಕಾರಣ ಹೇಳದೆ ರಾತ್ರೋರಾತ್ರಿ ಐಡಿ ಬಂದ್ ಮಾಡುವಂತಿಲ್ಲ, ಸಾಮಾನ್ಯವಾಗಿ 14 ದಿನ ಮುಂಚೆ ಕಾರಣ ಸಹಿತ ನೋಟಿಸ್ ಕೊಡಬೇಕು. ದೂರು ಹೇಳಿಕೊಳ್ಳಲು ವ್ಯವಸ್ಥೆ ಇರಬೇಕು.

ಮನೆಗೆ ಹೋಗಿ ಅಣ್ಣಂದಿರಿಗೆ ಒಂದು ಮಾತು ಹೇಳಿ: ನೋಂದಣಿಯಲ್ಲಿ ತಮ್ಮ ಹೆಸರು ಇದೆಯೇ ಎಂದು ವಿಚಾರಿಸಲಿ. ಬೇರೆಯವರ ಹೆಸರಿನ ಐಡಿಯಲ್ಲಿ ದುಡಿಯುವ ರೂಢಿ ಇದೆ ಎಂದು ಬಲ್ಲೆ. ಅಪಘಾತವಾದ ದಿನ ಕಾಗದದಲ್ಲಿ ಯಾರ ಹೆಸರಿದೆಯೋ ಅವರನ್ನೇ ಕಾರ್ಮಿಕ ಎಂದು ಎಣಿಸುತ್ತಾರೆ.

ಇದೇ ಆಗಸ್ಟ್ ಅಧಿವೇಶನದಲ್ಲಿ ಜನಸಂದಣಿ ನಿಯಂತ್ರಣದ ವಿಧೇಯಕವೂ ಬಂತು. ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತ ದುಃಖ ಅದರ ಹಿಂದೆ ಇದೆ. ಊರಿನ ಜಾತ್ರೆ, ಉತ್ಸವಗಳಿಗೆ ತೊಡಕಾದೀತೆಂಬ ಆತಂಕವನ್ನು ಸದಸ್ಯರು ಹೇಳಿದರು, ವಿಧೇಯಕ ಸದನ ಸಮಿತಿಗೆ ಹೋಯಿತು. ಅವಸರದಲ್ಲಿ ಪಾಸು ಮಾಡುವುದಕ್ಕಿಂತ ಇದು ಮೇಲು. ಉರೂಸ್ ನಡೆಸುವ ಜಮಾಅತ್‌ಗಳು, ಜಾತ್ರೆ ನಡೆಸುವ ಸಮಿತಿಗಳು ತಮ್ಮ ಅನುಭವವನ್ನು ಬರೆದು ಕೊಟ್ಟರೆ ಸಮಿತಿಗೆ ತಲುಪಿಸುವ ಜವಾಬ್ದಾರಿ ನನ್ನದು.

ವಕ್ಫ್ ವಿಚಾರ

ಮಾರ್ಚ್ 19ರಂದು ನಮ್ಮ ವಿಧಾನಸಭೆ ವಕ್ಫ್ ತಿದ್ದುಪಡಿಯನ್ನು ವಿರೋಧಿಸಿ ನಿರ್ಣಯ ಅಂಗೀಕರಿಸಿತು. ನಾನು ಬೆಂಬಲಿಸಿದೆ. ಆದರೆ ನಿರ್ಣಯವೆಂದರೆ ಸದನದ ಅಭಿಪ್ರಾಯ, ಅದು ಸಂಸತ್ತನ್ನು ಕಟ್ಟಿಹಾಕುವುದಿಲ್ಲ. ಏಪ್ರಿಲ್‌ನಲ್ಲಿ ಲೋಕಸಭೆಯಲ್ಲಿ 288 ಪರ, 232 ವಿರುದ್ಧ, ರಾಜ್ಯಸಭೆಯಲ್ಲಿ 128 ಪರ, 95 ವಿರುದ್ಧ ಮತ ಬಿದ್ದು ಅದು ಕಾಯ್ದೆಯಾಯಿತು. ನೋಡಿ, ಅಲ್ಲಿ ವಿಭಜನೆ ಆದ್ದರಿಂದ ಸಂಖ್ಯೆ ಹೇಳಲು ಬರುತ್ತದೆ.

ಈ ತಿಂಗಳ 15ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿದೆ. ವಕ್ಫ್ ಮಾಡಲು 5 ವರ್ಷ ಇಸ್ಲಾಂ ಪಾಲಿಸಿರಬೇಕೆಂಬ ಷರತ್ತಿಗೆ, ಸರ್ಕಾರಿ ಆಸ್ತಿ ಹೌದೋ ಅಲ್ಲವೋ ಎಂದು ಅಧಿಕಾರಿಯೇ ತೀರ್ಮಾನಿಸುವ ಅಧಿಕಾರಕ್ಕೆ ತಡೆ ಸಿಕ್ಕಿದೆ. ಇಡೀ ಕಾಯ್ದೆಗೆ ತಡೆ ಇಲ್ಲ. ನೋಂದಣಿಯ ಷರತ್ತಿಗೂ ತಡೆ ಇಲ್ಲ. ಜೂನ್ 6ರಂದು ತೆರೆದ ಉಮೀದ್ ಪೋರ್ಟಲಿನಲ್ಲಿ ವಕ್ಫ್ ಆಸ್ತಿಗಳ ವಿವರ ಹಾಕಲು 6 ತಿಂಗಳ ಅವಕಾಶ. ಮಸೀದಿ, ಮದ್ರಸ, ಖಬರಸ್ತಾನಗಳ ಮುತವಲ್ಲಿಗಳು ಈ ಸಭೆಯಲ್ಲಿದ್ದಾರೆ. ಕೋರ್ಟಿನ ಹೋರಾಟ ಕೋರ್ಟಿನಲ್ಲಿ ನಡೆಯಲಿ, ನಮ್ಮ ಕಾಗದ ನಾವು ಸರಿಪಡಿಸಿಕೊಳ್ಳೋಣ. ಕಂಪ್ಯೂಟರ್ ಬಲ್ಲ ನಮ್ಮ ವಿದ್ಯಾರ್ಥಿಗಳು ಒಂದೊಂದು ಮಸೀದಿಗೆ ಎರಡು ದಿನ ಕೊಟ್ಟರೆ ಈ ಕೆಲಸ ಮುಗಿಯುತ್ತದೆ.

ವಿದ್ಯಾರ್ಥಿವೇತನದ ಹಾದಿ

ಇನ್ನು ನಿಮ್ಮ ಮಕ್ಕಳ ವಿಷಯ. 2022ರಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 1ರಿಂದ 8ನೇ ತರಗತಿವರೆಗೆ ನಿಲ್ಲಿಸಿತು. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಆ ತರಗತಿಗಳು ಉಚಿತ ಎಂಬುದು ಕೊಟ್ಟ ಕಾರಣ. ಸಂಶೋಧನೆ ಮಾಡುವವರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಕೂಡ ಆಗಲೇ ನಿಂತಿತು. ಶಾಲೆ ಉಚಿತವಾದರೂ ಚೀಲ, ಬೂಟು, ಬಸ್ಸು ಉಚಿತವಲ್ಲ. ಆ ಅಂತರದಲ್ಲಿ ನಿಂತು ಮಕ್ಕಳ ಕೈ ಹಿಡಿದದ್ದು ಇಂಥ ಟ್ರಸ್ಟುಗಳು. ದಾನಿಗಳೇ, ನೀವು ಕೊಟ್ಟ ಜಕಾತ್ ಮತ್ತು ಸದಕಾದ ಬೆಲೆ ಅಲ್ಲಿದೆ.

ರಾಜ್ಯದ ಈ ವರ್ಷದ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ವಿದೇಶದಲ್ಲಿ ಉನ್ನತ ಶಿಕ್ಷಣ ಪಡೆಯುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ನೆರವನ್ನು 20 ಲಕ್ಷದಿಂದ 30 ಲಕ್ಷಕ್ಕೆ ಏರಿಸುವ ಘೋಷಣೆ ಇತ್ತು. ಬಜೆಟ್ಟಿಗೆ ನಾನು ಮತ ಕೊಟ್ಟಿದ್ದೇನೆ. ಆದರೆ ಬಜೆಟ್ ಭಾಷಣದಲ್ಲಿ ಓದಿದ್ದು ಹಣವಲ್ಲ. ಧನವಿನಿಯೋಗ ವಿಧೇಯಕ ಆಗಬೇಕು, ಇಲಾಖೆ ಆದೇಶ ಹೊರಡಿಸಬೇಕು, ಆರ್ಥಿಕ ಇಲಾಖೆ ಕಂತು ಕಂತಾಗಿ ಬಿಡುಗಡೆ ಮಾಡಬೇಕು. ಆದ್ದರಿಂದ ಕಚೇರಿಗೆ ಹೋದಾಗ "ಘೋಷಣೆ ಆಯಿತಲ್ಲ" ಎಂದು ಜಗಳ ಮಾಡಬೇಡಿ. "ಆದೇಶದ ಸಂಖ್ಯೆ ಕೊಡಿ" ಎಂದು ಕೇಳಿ. ಆದೇಶವಾಗಿ ಹಣ ಬಿಡುಗಡೆಯಾಗದಿದ್ದರೆ ನನಗೆ ತಿಳಿಸಿ, ಸದನದಲ್ಲಿ ಲಿಖಿತ ಪ್ರಶ್ನೆ ಹಾಕುವ ಅಧಿಕಾರ ನನಗಿದೆ. ಸಚಿವರು ಅದಕ್ಕೆ ಉತ್ತರಿಸಲೇಬೇಕು.

ನಿಮ್ಮ ಕಡೆಯಿಂದಲೂ ಮೂರು ಕೆಲಸ ಆಗಬೇಕು. ಒಂದು, ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಮಂಜೂರಾದರೂ ಜೋಡಣೆ ಇಲ್ಲದಿದ್ದರೆ ಹಣ ಬರುವುದಿಲ್ಲ. ಎರಡು, ನಾಡಕಚೇರಿಯಿಂದ ಪಡೆಯುವ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಚಾಲ್ತಿಯಲ್ಲಿರಬೇಕು. ಕೊನೆಯ ದಿನ ಓಡಬೇಡಿ. ಮೂರು, ಶಾಲೆಯ ದಾಖಲೆ, ಆಧಾರ್, ಅಂಕಪಟ್ಟಿ ಎಲ್ಲದರಲ್ಲೂ ಹೆಸರು ಒಂದೇ ರೀತಿ ಇರಬೇಕು. ಒಂದರಲ್ಲಿ ಮೊಹಮ್ಮದ್, ಇನ್ನೊಂದರಲ್ಲಿ ಮಹಮ್ಮದ್ ಎಂದಿದ್ದರೆ ಯಂತ್ರಕ್ಕೆ ಅವರು ಇಬ್ಬರು ಬೇರೆ ಬೇರೆ ಮಕ್ಕಳು. ಪಿಂಜಾರ, ನದಾಫ್, ಛಪ್ಪರ್‌ಬಂದ್, ದರ್ವೇಸು ಮುಂತಾದ ಕೆಲವು ಸಮುದಾಯಗಳು ಪ್ರವರ್ಗ 1ರಲ್ಲಿ ಬರುತ್ತವೆ. ಆ ಕುಟುಂಬಗಳು ತಿಳಿಯದೆ 2ಬಿ ಪ್ರಮಾಣಪತ್ರ ಪಡೆದು ತಮಗೆ ಸಿಗಬೇಕಾದದ್ದನ್ನು ಕಳೆದುಕೊಳ್ಳಬಾರದು.

ಸಮೀಕ್ಷೆಗೆ ಬಾಗಿಲು ತೆರೆಯಿರಿ

ಕೊನೆಯ ವಿಷಯ. ಈ ತಿಂಗಳ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯುತ್ತಿದೆ. ಶಿಕ್ಷಕರು ಮನೆ ಮನೆಗೆ ಬಂದು 60 ಪ್ರಶ್ನೆ ಕೇಳುತ್ತಾರೆ. ಸಮೀಕ್ಷೆಗೆ ತಡೆ ನೀಡಲು ಹೈಕೋರ್ಟ್ ನಿರಾಕರಿಸಿದೆ. ಭಾಗವಹಿಸುವುದು ಸ್ವಇಚ್ಛೆಯದು, ಮಾಹಿತಿ ಗೋಪ್ಯವಾಗಿರಬೇಕು ಎಂದೂ ಹೇಳಿದೆ. ಆದ್ದರಿಂದ ಯಾರ ಒತ್ತಾಯವೂ ಇಲ್ಲ. ಆದರೂ ನನ್ನ ವಿನಂತಿ, ಬಾಗಿಲು ಹಾಕಿಕೊಳ್ಳಬೇಡಿ.

ಕಾರಣ ಹೇಳುತ್ತೇನೆ. 2ಬಿ ಮೀಸಲಾತಿಯನ್ನು ತೆಗೆಯಬೇಕೆಂದು 2023ರ ಮಾರ್ಚ್‌ನಲ್ಲಿ ಆದೇಶವಾದಾಗ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಬರುವ ಮೊದಲ ಪ್ರಶ್ನೆ ಅಂಕಿಅಂಶ ಎಲ್ಲಿ ಎಂಬುದು. ಎಷ್ಟು ಹೆಣ್ಣುಮಕ್ಕಳು ಹತ್ತನೇ ತರಗತಿಗೆ ಓದು ಬಿಟ್ಟರು, ಎಷ್ಟು ಮನೆಗಳಲ್ಲಿ ಒಬ್ಬ ಪದವೀಧರನೂ ಇಲ್ಲ, ಎಷ್ಟು ಜನ ದಿನಗೂಲಿ. ಇದನ್ನು ಸದನದಲ್ಲಿ ನಾನು ಎಷ್ಟು ಗಂಟಲು ಹರಿದುಕೊಂಡು ಹೇಳಿದರೂ ಅದು ಭಾಷಣ. ನೀವು ನಿಮ್ಮ ಅಡುಗೆ ಮನೆಯ ಹೊಸ್ತಿಲಲ್ಲಿ ನಿಂತು ಆ ಮೇಷ್ಟ್ರಿಗೆ ಇದ್ದದ್ದನ್ನು ಇದ್ದಂತೆ ಹೇಳಿದರೆ ಅದು ದಾಖಲೆ. ಮರ್ಯಾದೆಗೆ ಅಂಜಿ ಆದಾಯ ಹೆಚ್ಚಿಸಿ ಹೇಳಬೇಡಿ, ಆಸೆಗೆ ಬಿದ್ದು ಕಡಿಮೆ ಮಾಡಿಯೂ ಹೇಳಬೇಡಿ. ಓದು ಬಿಟ್ಟ ಮಗಳ ಹೆಸರನ್ನು ಮರೆಯಬೇಡಿ.

ವಿದ್ಯಾರ್ಥಿಗಳೇ, ನಿಮಗೆ ಉಪದೇಶ ಮಾಡುವುದಿಲ್ಲ. ಒಂದು ಕೆಲಸ ಮಾತ್ರ ಒಪ್ಪಿಸುತ್ತೇನೆ. ನಿಮ್ಮಲ್ಲಿ ಪಿಯುಸಿ ದಾಟಿದವರು ಪ್ರತಿ ಅಧಿವೇಶನದ ಕೊನೆಗೆ ಯಾವ ವಿಧೇಯಕ ಬಂತು, ಯಾವುದು ಪಾಸಾಯಿತು ಎಂದು ಓದಿ. ಐದು ಪ್ರಶ್ನೆ ಬರೆದು ನನಗೆ ಕಳಿಸಿ. ಕಾನೂನು ಓದುವ ಮಕ್ಕಳು ಸಾಲದ ಕಾಯ್ದೆಯನ್ನು, ಗಿಗ್ ಕಾಯ್ದೆಯನ್ನು ಸರಳ ಕನ್ನಡದಲ್ಲಿ ಒಂದೊಂದು ಪುಟಕ್ಕೆ ಇಳಿಸಿ ಟ್ರಸ್ಟಿನ ಸೂಚನಾ ಫಲಕದಲ್ಲಿ ಹಾಕಿ. ಕಾಯ್ದೆ ತಿಳಿದ ಒಬ್ಬಳು ಹುಡುಗಿ ಓಣಿಯಲ್ಲಿದ್ದರೆ ವಸೂಲಿಗಾರ ದನಿ ತಗ್ಗಿಸಿ ಮಾತಾಡುತ್ತಾನೆ.

ದಾನಿಗಳಿಗೆ ನನ್ನ ಕೃತಜ್ಞತೆ. ಸರ್ಕಾರದ ಹಣ ತಡವಾಗಿ ಬರುವ ತಿಂಗಳುಗಳಲ್ಲಿ ಪರೀಕ್ಷಾ ಶುಲ್ಕ ಕಟ್ಟಿ ಮಕ್ಕಳನ್ನು ಉಳಿಸಿಕೊಂಡವರು ನೀವು. ಅದು ತಡವಾಗದಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಮುಂದಿನ ವರ್ಷ ಇದೇ ಸಭೆಗೆ ಕರೆಯಿರಿ, ಆದರೆ ಇಂದು ನಾನು ಹೇಳಿದ್ದನ್ನು ಎದುರಿಗಿಟ್ಟುಕೊಂಡು ಕರೆಯಿರಿ. ಯಾವುದು ಮನೆಗೆ ಬಂತು, ಯಾವುದು ಬರಲಿಲ್ಲ ಎಂದು ನೀವು ಕೇಳಿ, ನಾನು ಉತ್ತರಿಸುತ್ತೇನೆ.

ಮಕ್ಕಳ ಓದು ಫಲ ಕೊಡಲಿ, ಕೊಟ್ಟವರ ಕೈ ಬರಿದಾಗದಿರಲಿ.